ಯಜಮಾನ ಇಲ್ಲದ ಮನೆಗಳು

ನಿಪ್ಪಾಣಿ
18-3-1991

ತಮ್ಮ ಮಾಳಸಿದ್ದನಿಗೆ,

ನಿನ್ನ ಅಕ್ಕ ಸುಂದರಾ ಬರೆಯುವುದು. ನೀನೂ ಮಂಗಲಾನೂ ಚಿಕ್ಕೋಡಿಯಲ್ಲಿ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನನ್ನ ಆರೋಗ್ಯ ಕೇಳಬೇಡ. ನಿನ್ನೆಯಿಂದ ಸಿಟ್ಟು ಇಳಿದಿಲ್ಲ.

ನಿನ್ನೆ ನಿಮ್ಮ ಸುಧಾರಣೆ ಕಚೇರಿಯವರು ಬಂದು ನಮ್ಮ ಚಾಳಿನ ಸಾಲುಮನೆಗಳ ಗೋಡೆಗೆ ಪಟ್ಟಿ ಅಂಟಿಸಿ ಹೋದರು. ಚಾಳು ಕೆಡವಿ ಅದೇ ಜಾಗದಲ್ಲಿ ಕಟ್ಟುವ ಪಕ್ಕಾ ಮನೆಗಳು ಯಾರ್ಯಾರಿಗೆ ಸಿಗುತ್ತವೆ ಎನ್ನುವ ಪಟ್ಟಿ. ಓದಲು ಬರುವವಳು ನಾನೇ ಎಂದು ಎಲ್ಲರೂ ನನ್ನನ್ನು ಮುಂದೆ ತಳ್ಳಿದರು. ನೋಡಿದ ಕೂಡಲೇ ಗುರುತು ಹಿಡಿದೆ. ಅಕ್ಷರ ನಿನ್ನವು. ಆ ಅಕ್ಷರ ತಿದ್ದಿಸಿದವಳು ನಾನು, ನನಗೆ ತಪ್ಪುತ್ತದೆಯೇ?

ಒಂದೊಂದೇ ಹೆಸರು ಓದುತ್ತ ಹೋದೆ. ಒಂಬತ್ತು ಓದಿದೆ, ಹತ್ತು ಓದಿದೆ, ಆಮೇಲೆ ಹನ್ನೆರಡು. ಹನ್ನೊಂದು ಇಲ್ಲ. ಹನ್ನೊಂದನೇ ನಂಬರಿನ ಕಸ್ತೂರೆವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. "ನಂದ ಬಿಟ್ಟೀಯೇನ ನೋಡ ಬೇ ಸುಂದರಾ, ಮತ್ತೊಮ್ಮಿ ಓದ" ಎಂದಳು. ಮತ್ತೊಮ್ಮೆ ಓದಿದೆ. ಪೂರ್ತಿ ಓದಿ ಮುಗಿಸುವಷ್ಟರಲ್ಲಿ ನಲವತ್ತಮೂರು ಮನೆಗಳು ಇಲ್ಲವಾಗಿದ್ದವು. ಎಲ್ಲವೂ ಹೆಂಗಸರ ಮನೆಗಳು. ಗಂಡ ಸತ್ತವರು, ಗಂಡ ಬಿಟ್ಟವರು, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಮದುವೆಯೇ ಇಲ್ಲದವರು.

ಪಟ್ಟಿ ತಂದ ಗುಮಾಸ್ತನನ್ನು ತಡೆದು ಕೇಳಿದೆ. "ಗಂಡಸ ಯಜಮಾನ ಇಲ್ಲದ ಮನಿ ಮನಿ ಅಲ್ಲ ಬಾಯಿ. ಬಾಡಿಗಿ ಕೋಲಿ ಲೆಕ್ಕ. ನಿಯಮ ಹಂಗ ಐತಿ" ಎಂದ. ಸೈಕಲ್ ಹತ್ತಿ ಹೋದ.

ಹೋದ ವರ್ಷ ನೀನು ಟೇಪು ಹಿಡಿದು ಅಳತೆಗೆ ಬಂದಾಗ ಈ ನಿಯಮ ಎಲ್ಲಿತ್ತು? ಇಡೀ ಚಾಳು ನಮ್ಮ ಮಾಳ್ಯಾ ಸಾಹೇಬ ಆಗಿ ಬಂದಾನ ಎಂದು ಕಟ್ಟೆಯ ಮೇಲೆ ಚಾಪೆ ಹಾಸಿತ್ತು. ಕಸ್ತೂರೆವ್ವ ಚುರಮುರಿ ಒಗ್ಗರಣೆ ಹಾಕಿ ಕೊಟ್ಟಳು. ನೀನು ಹೆಸರು ಕೇಳಿದಾಗ, "ಕಸ್ತೂರೆವ್ವ ಅಂತ ಬರಿ. ಗಂಡನ ಹೆಸರ ಬ್ಯಾಡ, ಅಂವ ಈ ಮನ್ಯಾಗ ಒಂದ ದಿನಾನೂ ಇದ್ದಾವಲ್ಲ" ಎಂದಳು. ನೀನು ನಕ್ಕು, "ಆತ ಬಿಡ ಆಯಿ, ನಿನ್ನ ಹೆಸರ ಬರದೀನಿ, ನಿನಗ ಪಕ್ಕಾ ಮನಿ ಬರ್ತೈತಿ" ಎಂದೆ. ನಾನು ಕಿವಿಯಾರೆ ಕೇಳಿದ ಮಾತು.

ಇನ್ನೊಂದು ಮಾತು. ನಂಬರ್ ಇಪ್ಪತ್ತೇಳು ನನ್ನ ಮನೆ. ಅಪ್ಪ ಅವ್ವ ಅಲಖನೂರಿನಿಂದ ತಂಬಾಕು ತುಂಬಿಡುವ ವಖಾರಿಯ ಕೆಲಸಕ್ಕೆಂದು ಬಂದಾಗಿನಿಂದ ನಮ್ಮದು. ಅವರು ತೀರಿಕೊಂಡ ಮೇಲೆ ಬೀಡಿ ಕಟ್ಟಿ ನಿನ್ನನ್ನು ಓದಿಸಿದ್ದು ಅಲ್ಲಿಯೇ. ನನ್ನ ಗಂಡ ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ್ದು ನಿನಗೆ ಗೊತ್ತಿದೆ. ಹಾಗಾದರೆ ನನ್ನದೂ ಯಜಮಾನ ಇಲ್ಲದ ಮನೆಯೇ. ಆದರೆ ಇಪ್ಪತ್ತೇಳು ಪಟ್ಟಿಯಲ್ಲಿದೆ. ಎದುರಿಗೆ "ಮಾಳಸಿದ್ದ" ಎಂದು ಬರೆದಿದೆ.

ನಾನು ಆ ಹೆಸರನ್ನು ಗಟ್ಟಿಯಾಗಿ ಓದಬೇಕಾಯಿತು. ನಲವತ್ತಮೂರು ಹೆಂಗಸರು ನನ್ನ ಮುಖ ನೋಡಿದರು. ಯಾಕೆ ಹೀಗೆ ಮಾಡಿದೆ, ಬರೆ.

ಸುಂದರಾ


ಚಿಕ್ಕೋಡಿ
2-4-1991

ಅಕ್ಕನಿಗೆ ಮಾಳಸಿದ್ದನ ನಮಸ್ಕಾರ.

ನಿನ್ನ ಪತ್ರ ತಲುಪಿತು. ಓದಿ ಬಹಳ ಬೇಸರವಾಯಿತು. ಮನೆ ಉಳಿಸಿಕೊಟ್ಟವನಿಗೆ ಒಂದು ಒಳ್ಳೆಯ ಮಾತು ಬರುತ್ತದೆ ಎಂದುಕೊಂಡಿದ್ದೆ.

ನಿಯಮ ಮಾಡಿದವನು ನಾನಲ್ಲ. ಮೊದಲ ಪಟ್ಟಿಯಲ್ಲಿ ಎಲ್ಲರ ಹೆಸರನ್ನೂ ಬರೆದಿದ್ದೆ, ಅದು ನಿಜ. ನಮ್ಮ ಸಾಹೇಬರು ಅದನ್ನು ನೋಡಿ, "ಇಷ್ಟು ಮನೆ ಕೊಟ್ಟರೆ ರಸ್ತೆ ಕಡೆ ಅಂಗಡಿ ಮಳಿಗೆ ಕಟ್ಟಲು ಜಾಗ ಎಲ್ಲಿ ಉಳಿಯುತ್ತದೆ? ಕುಟುಂಬದ ಯಜಮಾನ ಇರುವ ಮನೆ ಮಾತ್ರ ಬರೆಯಿರಿ" ಎಂದರು. ಬರೆಯುವುದಿಲ್ಲ ಎಂದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ. ಆಗ ಇಪ್ಪತ್ತೇಳೂ ಹೋಗುತ್ತಿತ್ತು. ನನ್ನ ಹೆಸರು ಹಾಕಿ ಅದೊಂದನ್ನಾದರೂ ಉಳಿಸಿದೆ. ಮನೆ ನನ್ನ ಹೆಸರಿನಲ್ಲಿದ್ದರೂ ಇರುವವಳು ನೀನೇ ಅಲ್ಲವೇ?

ನಕ್ಷೆ ನಾನೇ ಎಳೆದಿದ್ದೇನೆ ಅಕ್ಕಾ. ಎರಡು ಅಂತಸ್ತು, ಪ್ರತಿ ಮನೆಗೂ ಕಿಟಕಿ, ಒಳಗೇ ನಳ, ಸಂಡಾಸು. ಚಿಕ್ಕವನಿದ್ದಾಗ ನೀನು ಕೊಡ ಹೊತ್ತು ವಖಾರಿಯ ನಳಕ್ಕೆ ಹೋಗಿ, ಅಲ್ಲಿಯ ಕಾವಲುಗಾರನ ಬೈಗುಳ ತಿಂದು ನೀರು ತರುತ್ತಿದ್ದುದನ್ನು ನೋಡಿದವನು ನಾನು. ಅದೆಲ್ಲ ತಪ್ಪಲಿ ಎಂದೇ ಈ ಕೆಲಸಕ್ಕೆ ಸೇರಿದೆ. ಒಳ್ಳೆಯ ಕೆಲಸದಲ್ಲಿ ಒಂದಷ್ಟು ಜನಕ್ಕೆ ಅನ್ಯಾಯ ಆಗುತ್ತದೆ. ಏನು ಮಾಡುವುದು?

ಮೊದಲ ಪಟ್ಟಿಯ ಮಾತನ್ನು ಯಾರ ಮುಂದೆಯೂ ಎತ್ತಬೇಡ. ಅದನ್ನು ಹರಿದು ಹಾಕಿದ್ದೇನೆ. ಈಗ ಅದು ಇಲ್ಲ.

ನಿನ್ನ ತಮ್ಮ
ಮಾಳಸಿದ್ದ


ನಿಪ್ಪಾಣಿ, ಖಣಿಯ ಹತ್ತಿರದ ತಗಡಿನ ಶೆಡ್ಡು
27-5-1991

ಮಾಳಸಿದ್ದನಿಗೆ,

ಚಾಳು ಕೆಡವಿ ಹನ್ನೆರಡು ದಿನವಾಯಿತು. ಬುಧವಾರ ಬೆಳಿಗ್ಗೆ ಪೊಲೀಸರ ಜೊತೆ ಬಂದರು. ಮಧ್ಯಾಹ್ನದ ಹೊತ್ತಿಗೆ ಗೋಡೆಗಳೆಲ್ಲ ಮಣ್ಣಾಗಿದ್ದವು. ಸಾಮಾನು ತೆಗೆದುಕೊಳ್ಳಲು ಒಂದು ತಾಸು ಕೊಟ್ಟರು. ನಾನು ಮೊದಲು ಬೀಡಿ ಎಲೆ ಮತ್ತು ಜರ್ದಾ ತಂಬಾಕಿನ ಚೀಲಗಳನ್ನು ಹೊರಗೆ ತಂದೆ, ಆಮೇಲೆ ಪಾತ್ರೆ. ಎಲೆ ಹಾಳಾದರೆ ಬೀಡಿ ಕಾರ್ಖಾನೆಯವನು ಕೆಲಸವನ್ನೇ ಕಸಿದುಕೊಳ್ಳುತ್ತಾನೆ.

ಕಸ್ತೂರೆವ್ವ ಹೊರಗೆ ಬರಲಿಲ್ಲ. ಒಲೆಯ ಮುಂದೆ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾ ಕೂತಿದ್ದಳು. ನಿಮ್ಮ ಸಾಹೇಬರೇ ಬಾಗಿಲಲ್ಲಿ ನಿಂತು, "ಅಜ್ಜಿ, ಇದು ನಿನ್ನ ಒಳ್ಳೆಯದಕ್ಕೇ" ಎಂದರು. ಅವಳು ತಲೆ ಎತ್ತದೆ, "ನನ್ನ ಒಳ್ಳೇದು ನನಗ ಕೇಳಿದ್ರ ಹೇಳ್ತಿದ್ದೆ. ನೀವು ಕೇಳಲೇ ಇಲ್ಲಲ್ರಿ" ಎಂದಳು. ಇಬ್ಬರು ಹೆಂಗಸು ಪೊಲೀಸರು ಅವಳನ್ನು ತೋಳು ಹಿಡಿದು ಎತ್ತಿ ಹೊರಗೆ ತಂದರು. ಮೊರದಲ್ಲಿದ್ದ ಬೀಡಿ ಎಲ್ಲ ಓಣಿಯ ತುಂಬ ಚೆಲ್ಲಿತು. ಅವಳ ಮೊಮ್ಮಗಳು ಅಕ್ಕಾತಾಯಿ ಅವನ್ನು ಆಯುತ್ತಿದ್ದಾಗಲೇ ಮೇಲಿನಿಂದ ಹಂಚು ಬೀಳುತ್ತಿದ್ದವು.

ಪಟ್ಟಿಯಲ್ಲಿ ಇದ್ದವರಿಗೆ ಊರ ಹೊರಗಿನ ಈ ಕಲ್ಲಿನ ಖಣಿಯ ಹತ್ತಿರ ತಗಡಿನ ಶೆಡ್ಡು ಕೊಟ್ಟಿದ್ದಾರೆ. ಒಂದೂವರೆ ವರ್ಷ ಇಲ್ಲಿರಬೇಕಂತೆ. ಪಟ್ಟಿಯಲ್ಲಿ ಇಲ್ಲದವರಿಗೆ ಶೆಡ್ಡೂ ಇಲ್ಲ. ನಿನ್ನ ಹೆಸರಿನ ಶೆಡ್ಡಿನಲ್ಲಿ ಈಗ ನಾನು, ಕಸ್ತೂರೆವ್ವ, ಅಕ್ಕಾತಾಯಿ ಇದ್ದೇವೆ. ತಾಯಿ ಸತ್ತ ಮೇಲೆ ಆ ಹುಡುಗಿಗೆ ಅಜ್ಜಿಯೊಬ್ಬಳೇ ದಿಕ್ಕು. ಉಳಿದವರು ಹೀಗೆಯೇ ಒಬ್ಬೊಬ್ಬರ ಶೆಡ್ಡಿಗೆ ಇಬ್ಬಿಬ್ಬರಂತೆ ಸೇರಿಕೊಂಡಿದ್ದಾರೆ.

ನೀನು ನಕ್ಷೆ ಬರೆಯುವವನು. ಬರೆದುಕೋ. ತಗಡಿನ ಕೆಳಗೆ ಬೀಡಿ ಎಲೆಯನ್ನು ಎಷ್ಟೇ ನೆನೆಸಿಡು, ಒಂದು ತಾಸಿನಲ್ಲಿ ಒಣಗಿ ಸುರುಳಿಯಾಗುತ್ತದೆ. ಸುತ್ತಲು ಹೋದರೆ ಸೀಳುತ್ತದೆ. ಕಟ್ಟಿದ್ದರಲ್ಲಿ ಅರ್ಧವನ್ನು ಕಾರ್ಖಾನೆಯ ಚೆಕ್ಕರ್ ಮುರಿದು ಬಿಸಾಕುತ್ತಾನೆ. ಅದನ್ನು ಒಪ್ಪಿಸಲು ಬಿಸಿಲಿನಲ್ಲಿ ಊರಿನೊಳಗಿನ ತನಕ ನಡೆಯಬೇಕು. ಚಾಳಿನಿಂದಾದರೆ ಕಾರ್ಖಾನೆ ಕೂಗಳತೆಯಲ್ಲಿತ್ತು. ನಿನ್ನ ಕಾಗದದ ಮೇಲೆ ಕಿಟಕಿ ಇದೆ, ನಳ ಇದೆ. ನಾವು ಏನು ಕೆಲಸ ಮಾಡಿ ತಿನ್ನುತ್ತೇವೆ ಎನ್ನುವುದು ಅದರಲ್ಲಿ ಎಲ್ಲಿದೆ?

"ಒಂದಷ್ಟು ಜನಕ್ಕೆ ಅನ್ಯಾಯ ಆಗುತ್ತದೆ" ಎಂದು ಬರೆದಿದ್ದೀಯ. ಆ ಒಂದಷ್ಟು ಜನ ನಿನ್ನ ಮೂಗು ಒರೆಸಿದವರು. ನನಗೆ ಜ್ವರ ಬಂದಾಗ ನಿನಗೆ ರೊಟ್ಟಿ ಬಡಿದು ಹಾಕಿದವರು.

ಸುಂದರಾ


ಚಿಕ್ಕೋಡಿ
11-9-1991

ಅಕ್ಕಾ,

ನೀವು ಹೆಂಗಸರು ಸೇರಿ ಕೋರ್ಟಿಗೆ ಅರ್ಜಿ ಹಾಕಿದ್ದು ತಿಳಿಯಿತು. ಅರ್ಜಿಯ ತುಂಬ ಹೆಬ್ಬೆಟ್ಟು, ಎಲ್ಲಕ್ಕಿಂತ ಮೇಲೆ ನಿನ್ನ ಸಹಿ. ಸಾಹೇಬರು ನನ್ನನ್ನು ಕೋಣೆಗೆ ಕರೆದು, ಎಲ್ಲರೆದುರು, "ನಿಮ್ಮ ಅಕ್ಕನ ಬಾಯಿ ನೀವೇ ಮುಚ್ಚಿಸಿರಿ, ಇಲ್ಲದಿದ್ದರೆ ಇಪ್ಪತ್ತೇಳನೇ ನಂಬರಿನ ಕತೆಯನ್ನು ನಾವು ತೆಗೆಯುತ್ತೇವೆ" ಎಂದರು.

ಮನೆ ಸಿಗುವವಳು ನೀನು. ಸಿಗದವರ ಅರ್ಜಿಗೆ ನಿನಗೇಕೆ ಸಹಿ? ಮಂಗಲಾ ಈಗ ಬಸುರಿ. ನನ್ನ ನೌಕರಿ ಹೋದರೆ ನಾವು ಎಲ್ಲಿಗೆ ಹೋಗುವುದು? ದಯವಿಟ್ಟು ಸಹಿ ಹಿಂತೆಗೆದುಕೋ.

ಮಾಳಸಿದ್ದ


ನಿಪ್ಪಾಣಿ
16-9-1991

ಮಾಳಸಿದ್ದನಿಗೆ,

ಮಂಗಲಾ ಬಸುರಿ ಎಂದು ತಿಳಿದು ಸಂತೋಷವಾಯಿತು. ಅವಳಿಗೆ ಬೇಕೆನಿಸಿದ್ದನ್ನು ತಿನ್ನಲು ಕೊಡು.

ಮನೆಯನ್ನು ನೀನು ನಿನ್ನ ಹೆಸರಿನಲ್ಲಿ ಬರೆದುಕೊಂಡೆ. ಸಹಿ ನನ್ನದು. ಅದನ್ನು ಹಿಂತೆಗೆಯುವುದಿಲ್ಲ.

ಸುಂದರಾ


ನಿಪ್ಪಾಣಿ
30-4-1992

ಮಾಳಸಿದ್ದನಿಗೆ,

ಏಳು ತಿಂಗಳು ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಮಗಳು ಹುಟ್ಟಿದ ಸುದ್ದಿಯನ್ನು ಕೂಡ ಬೇಡಕಿಹಾಳದ ಬಳೆಗಾರ ಹೇಳಿದ. ಇರಲಿ. ಇವತ್ತು ಬರೆಯಲೇಬೇಕಾಗಿದೆ.

ಕಸ್ತೂರೆವ್ವ ಸತ್ತಳು.

ಸೋಮವಾರ ಬೀಡಿ ಒಪ್ಪಿಸಲು ನಾವಿಬ್ಬರೂ ಕಾರ್ಖಾನೆಗೆ ಹೋಗಿದ್ದೆವು. ಬಿಸಿಲು ನೆತ್ತಿಯ ಮೇಲಿತ್ತು. ಅವಳ ಬುಟ್ಟಿಯಲ್ಲಿದ್ದುದನ್ನು ಚೆಕ್ಕರ್ ಕೈಯಲ್ಲಿ ಹಿಡಿದು, "ಹೇ ಕಾಯ ಆಣಲಂಸ್ ಮ್ಹಾತಾರೇ? ಏನು ತಂದಿದ್ದೀ ಮುದುಕಿ, ಇದೇನು ಬೀಡಿಯೋ ಕಸವೋ?" ಎಂದು ಅವಳೆದುರೇ ಮುರಿದು ಹಾಕಿದ. ಚಾಳಿನಲ್ಲಿದ್ದ ಮೂವತ್ತು ವರ್ಷ ಅವಳ ಕೈಯ ಒಂದು ಬೀಡಿಯೂ ತಿರುಗಿ ಬಂದಿರಲಿಲ್ಲ. ಅವಳು ಬುಟ್ಟಿ ಎತ್ತಿಕೊಂಡಳು. ಹೊರಗೆ ಬಂದ ಮೇಲೆ, "ಎಲಿ ಮಾತ ಕೇಳವಲ್ದು ಸುಂದರಾ. ಕೈ ಅದ ಐತಿ ನೋಡ, ಎಲಿ ಕೇಳವಲ್ದು" ಎಂದಳು.

ವಾಪಸು ಬರುವಾಗ ನಮ್ಮ ಹಳೆಯ ಚಾಳಿನ ಜಾಗದ ಮುಂದೆ ನಿಂತಳು. ಮನೆಗಳಿಗೆ ಇನ್ನೂ ಕಂಬ ಮಾತ್ರ ಎದ್ದಿವೆ. ರಸ್ತೆ ಕಡೆಯ ಮಳಿಗೆಗಳು ಮಾತ್ರ ಪೂರ್ತಿಯಾಗಿ, ಬಣ್ಣ ಬಳಿದು, ಎರಡರಲ್ಲಿ ಆಗಲೇ ಅರಿವೆ ಅಂಗಡಿ ತೆರೆದಿದ್ದರು. ನೆರಳಿಗೆಂದು ಅವಳು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಅಂಗಡಿಯವನು, "ಏ ಮುದುಕಿ, ಗಿರಾಕಿ ಬರೂ ಹೊತ್ತ, ಏಳ" ಎಂದ. ಎದ್ದಳು. ಹತ್ತು ಹೆಜ್ಜೆ ಹಾಕಿ ಬಿದ್ದಳು. ದವಾಖಾನೆಗೆ ಒಯ್ಯುವ ತನಕವೂ ಉಳಿಯಲಿಲ್ಲ.

ಅವಳು ಎದ್ದ ಆ ಮೆಟ್ಟಿಲು ಹನ್ನೊಂದನೇ ನಂಬರಿನ ಜಾಗದಲ್ಲಿದೆ. ಅವಳದೇ ಒಲೆ ಇದ್ದ ಜಾಗ. ನಾನು ಬೇಕೆಂದೇ ಮರುದಿನ ಹೋಗಿ ಹೆಜ್ಜೆ ಹಾಕಿ ಅಳೆದು ನೋಡಿದೆ. ಅಳತೆಯ ಕೆಲಸ ನಮ್ಮ ಮನೆತನದ್ದೇ ಅಲ್ಲವೇ?

ಮಣ್ಣಿಗೆ ನೀನು ಬರುತ್ತೀ ಎಂದು ಅಕ್ಕಾತಾಯಿ ಸಂಜೆಯ ತನಕ ಕಾಯಿಸಿದಳು. ಫೋನು ಮಾಡಿಸಿದ್ದೆವು. ನಿನ್ನ ಕಚೇರಿಯವರು ತಿಳಿಸಿದ್ದೇವೆ ಎಂದರು.

ಭೂಪಾಲ ವಕೀಲರು ನಮ್ಮ ದಾವೆ ನಡೆಸುತ್ತಿದ್ದಾರೆ. ಒಳ್ಳೆಯ ಮನುಷ್ಯ. ಆದರೆ ಈ ಹೆಂಗಸರು ಅಲ್ಲಿ ಇದ್ದರು ಎನ್ನುವುದಕ್ಕೆ ಕಾಗದ ಬೇಕು ಎನ್ನುತ್ತಾರೆ. ಮಣ್ಣಾದ ಗೋಡೆ ಸಾಕ್ಷಿ ಹೇಳುವುದಿಲ್ಲವಂತೆ. ನೀನು ಹರಿದು ಹಾಕಿದ್ದು ಆ ಒಂದೇ ಕಾಗದವನ್ನು.

ಈ ಪತ್ರಕ್ಕೆ ಉತ್ತರ ಬೇಡ.

ಸುಂದರಾ


ರಾಯಬಾಗ
14-5-1992

ಸುಂದರಾ ಅತ್ತಿಗೆಯವರಿಗೆ ಮಂಗಲಾಳ ನಮಸ್ಕಾರ.

ನಾನು ನಿಮಗೆ ಪತ್ರ ಬರೆಯುವುದು ಇದೇ ಮೊದಲು. ಬಾಣಂತನಕ್ಕೆ ತವರುಮನೆಗೆ ಬಂದಿದ್ದೇನೆ. ನಿಮ್ಮ ಪತ್ರ ಬಂದ ದಿನ ಚಿಕ್ಕೋಡಿಯಲ್ಲಿ ನಾನಿರಲಿಲ್ಲ. ಹೋದ ವಾರ ಇವರು ಮಗುವನ್ನು ನೋಡಲು ಬಂದಾಗ ಅಂಗಿಯ ಕಿಸೆಯಲ್ಲಿ ಸಿಕ್ಕಿತು, ಓದಿದೆ. ಕಸ್ತೂರೆವ್ವ ಆಯಿ ನನ್ನ ಮದುವೆಯಲ್ಲಿ ಅರಿಷಿಣ ಹಚ್ಚಿದವರು.

ಇವರಿಗೆ ಕೇಳಿದೆ, "ಮಣ್ಣಿಗೆ ಯಾಕ ಹೋಗಲಿಲ್ರಿ?" ಎಂದು. "ಯಾವ ಮುಖ ತಗೊಂಡ ಹೋಗಲಿ?" ಎಂದರು. ಆಮೇಲೆ ಊಟ ಮಾಡದೆ ಚಿಕ್ಕೋಡಿಗೆ ಹೊರಟುಹೋದರು.

ಅತ್ತಿಗೆ, ಇವರು ನಿಮಗೆ ಸುಳ್ಳು ಬರೆದಿದ್ದಾರೆ. ಮೊದಲ ಪಟ್ಟಿಯನ್ನು ಹರಿದಿಲ್ಲ. ನಮ್ಮ ಟ್ರಂಕಿನಲ್ಲಿ, ಇವರ ಡಿಪ್ಲೊಮಾದ ಕಾಗದದ ಕೆಳಗೆ ಇದೆ ಎಂದು ನನಗೆ ಮೊದಲಿನಿಂದಲೂ ಗೊತ್ತು. ಎಷ್ಟೋ ಸಲ ಅದನ್ನು ತೆಗೆದು ನೋಡಿ ಮತ್ತೆ ಇಟ್ಟಿದ್ದಾರೆ. ಯಾಕೆ ಇಟ್ಟುಕೊಂಡಿದ್ದಾರೆ ಎಂದು ನಾನು ಕೇಳಿಲ್ಲ. ಕೇಳಿದರೆ ಸುಟ್ಟುಬಿಡುತ್ತಾರೆ ಎಂದು ಹೆದರಿಕೆ.

ಸೋಮವಾರ ಮಗುವಿಗೆ ಸೂಜಿ ಹಾಕಿಸುವ ನೆವ ಹೇಳಿ, ನನ್ನ ತಮ್ಮನ ಜೊತೆ ಚಿಕ್ಕೋಡಿಗೆ ಹೋಗಿ ಬಂದೆ. ಇವರು ಕಚೇರಿಗೆ ಹೋಗಿದ್ದರು. ಹಾಳೆಗಳು ಇದರೊಳಗಿವೆ. ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ.

ಇವರ ನೌಕರಿ ಹೋಗಬಹುದು. ನನಗೆ ಸಿಟ್ಟು ಮಾಡಬಹುದು, ಮನೆಗೆ ಕರೆಯದೆಯೂ ಇರಬಹುದು. ಯೋಚನೆ ಮಾಡಿಯೇ ಕಳಿಸಿದ್ದೇನೆ. ನನಗೂ ಮಗಳು ಹುಟ್ಟಿದ್ದಾಳೆ ಅತ್ತಿಗೆ. ಯಜಮಾನ ಇಲ್ಲದಿದ್ದರೆ ಅವಳು ಯಾವ ಪಟ್ಟಿಯಲ್ಲೂ ಬರುವುದಿಲ್ಲ ಎಂದರೆ ಹೇಗೆ?

ಮಂಗಲಾ


ಶಿರಗುಪ್ಪಿ
6-10-1992

ಅಕ್ಕನಿಗೆ,

ಉತ್ತರ ಬೇಡ ಎಂದಿದ್ದೀ. ಆದರೂ ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಿದರೂ ಸರಿ.

ಕೋರ್ಟಿನಲ್ಲಿ ನಾನು ಹೇಳಿದ್ದನ್ನು ನೀನು ಕೇಳಿದ್ದೀ. ಹಿಂದಿನ ಬಾಕಿನ ಮೇಲೆ ನಿಮ್ಮವರೆಲ್ಲ ಕೂತಿದ್ದರು, ನಾನು ಆ ಕಡೆ ನೋಡಲಿಲ್ಲ. ಒಳಗೆ ಬರುವ ಮೊದಲು ಏನಾಯಿತು ಎನ್ನುವುದು ನಿನಗೆ ಗೊತ್ತಿಲ್ಲ.

ಆ ಬೆಳಿಗ್ಗೆ ಸಾಹೇಬರು ನನ್ನನ್ನು ತಮ್ಮ ಜೀಪಿನಲ್ಲೇ ಕೂರಿಸಿಕೊಂಡು ಬಂದರು. ದಾರಿಯಲ್ಲಿ ಚಹಾ ಕುಡಿಸಿದರು. "ಅಕ್ಷರ ನನ್ನದಲ್ಲ ಎಂದುಬಿಡಿ, ಅಷ್ಟೇ. ಆ ಹೆಂಗಸರಿಗೆ ನಾಳೆ ಇದು ನೆನಪೂ ಇರುವುದಿಲ್ಲ. ಅವರಿಗೇನು, ಎಲ್ಲಿ ಮೊರ ಇಟ್ಟರೆ ಅದೇ ಮನೆ" ಎಂದು ನಕ್ಕರು. ನಾನೂ ನಕ್ಕೆ ಅಕ್ಕಾ. ಸುಳ್ಳು ಹೇಳುವುದಿಲ್ಲ, ನಕ್ಕೆ. ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಕಲಿತುಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದೆ.

ಭೂಪಾಲ ವಕೀಲರು ಮೊದಲ ಪಟ್ಟಿಯ ಹಾಳೆ ನನ್ನ ಕೈಗೆ ಕೊಟ್ಟು, "ಅಕ್ಷರದ ಮಾತು ಆಮ್ಯಾಲ. ಮೊದಲ ಹನ್ನೊಂದನೇ ನಂಬರ ಓದ್ರಿ" ಎಂದರು. ಓದಿದೆ. "ಕಸ್ತೂರೆವ್ವ. ಬೀಡಿ ಕೆಲಸ. ಮೂವತ್ತೊಂದು ವರ್ಷದಿಂದ ವಾಸ." ಅದರ ಕೆಳಗೆ ಚುರಮುರಿಯ ಎಣ್ಣೆಯ ಕಲೆ ಇತ್ತು. ತಲೆ ಎತ್ತಿದರೆ ಸಾಹೇಬರು ಕುರ್ಚಿಯಲ್ಲಿ ಒರಗಿ ಕೂತು ಇನ್ನೂ ಅದೇ ನಗು ನಗುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು. ಅವರ ಮೇಲೆ, ಮಂಗಲಾನ ಮೇಲೆ, ನಿನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚು ಆ ಜೀಪಿನಲ್ಲಿ ನಕ್ಕ ನನ್ನ ಮೇಲೆ. "ಅಕ್ಷರ ನಂದ್ರಿ. ಮನಿಮನಿಗೆ ಹೋಗಿ ನಾನ ಬರದೀನಿ. ಎಲ್ಲಾರೂ ಅಲ್ಲೇ ಇದ್ರು. ಆಮ್ಯಾಲ ತಗಿ ಅಂದ್ರು, ತಗದೆ" ಎಂದೆ. ಒಳ್ಳೆಯತನದಿಂದ ಹೇಳಿದೆ ಎಂದು ತಿಳಿಯಬೇಡ. ಸಿಟ್ಟಿನಿಂದ ಹೇಳಿದೆ.

ಇಪ್ಪತ್ತೇಳನೇ ನಂಬರಿನಿಂದ ನನ್ನ ಹೆಸರು ತೆಗೆಯಿರಿ ಎಂದು ಬರೆದುಕೊಟ್ಟಿದ್ದೇನೆ.

ನೌಕರಿ ಹೋಗಿಲ್ಲ. ವಿಚಾರಣೆ ಇಟ್ಟಿದ್ದಾರೆ. ಅಲ್ಲಿಯವರೆಗೆ ಎತ್ತಂಗಡಿ ಮಾಡಿ ಇಲ್ಲಿಗೆ ಹಾಕಿದ್ದಾರೆ, ಕಬ್ಬಿನ ಗಾಡಿಗಳ ರಸ್ತೆಯ ಗುಂಡಿ ಅಳೆಯುವ ಕೆಲಸ. ಬಾಣಂತನ ಮುಗಿದ ಮೇಲೂ ಮಂಗಲಾನನ್ನು ಎರಡು ತಿಂಗಳು ಕರೆತರಲಿಲ್ಲ. ಹೋದ ಭಾನುವಾರ ರಾಯಬಾಗಕ್ಕೆ ಹೋಗಿ ಕರೆತಂದೆ. ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಮಗಳು ನನ್ನ ಬೆರಳು ಹಿಡಿದುಕೊಂಡು ಮಲಗಿದ್ದಳು.

ನನ್ನನ್ನು ಕ್ಷಮಿಸುತ್ತೀಯಾ?

ಮಾಳಸಿದ್ದ


ನಿಪ್ಪಾಣಿ
21-2-1993

ಮಾಳಸಿದ್ದನಿಗೆ,

ನಿನ್ನ ಪತ್ರವನ್ನು ಒಲೆಗೆ ಹಾಕಲಿಲ್ಲ. ಉತ್ತರ ಬರೆಯಲು ಮನಸ್ಸು ಬರಲಿಲ್ಲ, ಅಷ್ಟೇ. ಈಗ ಕೆಲಸ ಬಿದ್ದಿದೆ, ಬರೆಯುತ್ತಿದ್ದೇನೆ.

ಕೋರ್ಟು ಮೊದಲ ಪಟ್ಟಿಯನ್ನೇ ಹಿಡಿಯಿರಿ ಎಂದಿತು. ರಸ್ತೆ ಕಡೆ ಇನ್ನಷ್ಟು ಮಳಿಗೆ ಕಟ್ಟಲು ಬಿಟ್ಟಿದ್ದ ಜಾಗದಲ್ಲಿ ಮನೆ ಏಳಬೇಕಾಯಿತು. ಹೋದ ಶುಕ್ರವಾರ ಬೀಗದ ಕೈ ಕೊಟ್ಟರು. ಪೆಂಡಾಲು, ಹಾರ, ಭಾಷಣ ಎಲ್ಲ ಇತ್ತು. ನಮ್ಮನ್ನು ಹೊರಗೆ ಹಾಕಿದವರೇ ವೇದಿಕೆಯ ಮೇಲೆ ಕೂತು ನಮ್ಮ ಉದ್ಧಾರದ ಮಾತಾಡಿದರು. ನಾವು ಚಪ್ಪಾಳೆ ತಟ್ಟಲಿಲ್ಲ.

ನನಗೆ ಮೇಲಿನ ಅಂತಸ್ತಿನಲ್ಲಿ ಬಂದಿದೆ. ಕಾಗದದ ಮೇಲೆ ನನ್ನ ಹೆಸರೇ ಇದೆ. ಸಂಡಾಸು ಚೆನ್ನಾಗಿದೆ, ಗಾಳಿ ಬರುತ್ತದೆ, ಇದ್ದದ್ದನ್ನು ಇಲ್ಲ ಎನ್ನುವುದಿಲ್ಲ. ನೀರು ಮಾತ್ರ ಮೇಲೆ ಏರುವುದಿಲ್ಲ, ಕೆಳಗಿನಿಂದ ಹೊರಬೇಕು. ಒಟ್ಟಿಗೆ ಕೂತು ಬೀಡಿ ಕಟ್ಟಲು ಕಟ್ಟೆ ಇಲ್ಲ. ಬಾಗಿಲು ಹಾಕಿ ಒಳಗೆ ಕಟ್ಟಿದರೆ ಜರ್ದಾದ ಧೂಳಿಗೆ ಮಕ್ಕಳು ಕೆಮ್ಮುತ್ತವೆ. ಅದಕ್ಕೇ ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ಕಟ್ಟುತ್ತಿದ್ದೇವೆ. ಮುಂದಿನ ಸಲ ನಕ್ಷೆ ಎಳೆಯುವಾಗ ಮೊದಲು ಬಂದು ನಮ್ಮನ್ನು ಕೇಳು.

ಈಗ ಕೆಲಸದ ಮಾತು. ಹೆಸರು ಕರೆಯುತ್ತಾ ಹೋದಾಗ ಗುಮಾಸ್ತ ಕಸ್ತೂರೆವ್ವ ಎಂದ. ಮತ್ತೆ ಕರೆದ. ಅಕ್ಕಾತಾಯಿ ಮುಂದೆ ಹೋಗಿ, "ಆಯಿ ತೀರಿಕೊಂಡಾಳ್ರಿ. ನಾ ಮೊಮ್ಮಗಳು" ಎಂದಳು. ಅವನು ವೇದಿಕೆಯ ಕಡೆ ನೋಡಿದ. ನಿಮ್ಮ ಸಾಹೇಬರು, "ಅರ್ಜಿದಾರಳು ಇಲ್ಲದಿದ್ದರೆ ಮನೆ ರದ್ದು. ಮದುವೆಯಾಗದ ಹುಡುಗಿಗೆ ಮನೆ ಏಕೆ? ನಾಳೆ ಗಂಡನ ಮನೆಗೆ ಹೋಗುವವಳು" ಎಂದರು. ಬೀಗದ ಕೈಯನ್ನು ತಿರುಗಿ ಪೆಟ್ಟಿಗೆಗೆ ಹಾಕಿದರು.

ಅಕ್ಕಾತಾಯಿ ಅಳಲಿಲ್ಲ. ಪೆಟ್ಟಿಗೆಗೆ ಕೈ ಹಾಕಿ ಬೀಗದ ಕೈ ತೆಗೆದುಕೊಂಡು ಮೆಟ್ಟಿಲಿಳಿದು ಬಂದಳು. ಹಿಡಿಯಲು ಬಂದ ಪೊಲೀಸನ ಅಡ್ಡ ನಾವೆಲ್ಲ ನಿಂತೆವು. ಈಗ ಅವಳು ಆ ಮನೆಯಲ್ಲಿದ್ದಾಳೆ. ಹಗಲು ಸರದಿಯ ಮೇಲೆ ಇಬ್ಬಿಬ್ಬರು ಅವಳ ಬಾಗಿಲಲ್ಲಿ ಕೂತು ಬೀಡಿ ಕಟ್ಟುತ್ತೇವೆ. ಅವಳ ಮೇಲೆ ಕಳ್ಳತನದ ದೂರು ಕೊಟ್ಟಿದ್ದಾರೆ. ಹದಿನೇಳು ವರ್ಷದ ಹುಡುಗಿ, ತನ್ನ ಅಜ್ಜಿಯ ಮನೆಯ ಬೀಗದ ಕೈ ಕದ್ದಳಂತೆ.

ಹನ್ನೊಂದನೇ ನಂಬರಿನಲ್ಲಿ ಆಯಿಯ ಜೊತೆ ಈ ಹುಡುಗಿಯೂ ಹುಟ್ಟಿದಾಗಿನಿಂದ ಇದ್ದಳು ಎಂದು ಹೇಳುವವರು ಬೇಕು ಎಂದು ಭೂಪಾಲ ವಕೀಲರು ಹೇಳಿದ್ದಾರೆ. ನಾವು ಹೇಳಿದರೆ ಓಣಿಯ ಹೆಂಗಸರ ಮಾತು ಎನ್ನುತ್ತಾರೆ. ಅಳತೆಗೆ ಬಂದ ಸರಕಾರಿ ಮನುಷ್ಯ ಹೇಳಿದರೆ ಬರೆದುಕೊಳ್ಳುತ್ತಾರೆ. ಮಾರ್ಚ್ ಒಂಬತ್ತನೇ ತಾರೀಖು, ಚಿಕ್ಕೋಡಿ ಕೋರ್ಟು, ಹನ್ನೊಂದು ಗಂಟೆಗೆ. ನಿನ್ನ ವಿಚಾರಣೆ ಇನ್ನೂ ಮುಗಿದಿಲ್ಲ ಎನ್ನುವುದು ನನಗೆ ಗೊತ್ತು. ಮತ್ತೊಮ್ಮೆ ಸಾಕ್ಷಿ ಹೇಳಿದರೆ ನೌಕರಿ ಉಳಿಯುವುದು ಕಷ್ಟ ಎಂದು ವಕೀಲರೂ ಹೇಳಿದರು. ಗೊತ್ತಿದ್ದೂ ಕರೆಯುತ್ತಿದ್ದೇನೆ.

ಕ್ಷಮಿಸುತ್ತೀಯಾ ಎಂದು ಕೇಳಿದ್ದೀ. ನನಗೆ ಇನ್ನೂ ಸಿಟ್ಟಿದೆ ತಮ್ಮಾ. ಬೆಳಿಗ್ಗೆ ಎದ್ದು ನೀರು ಹೊರುವಾಗ ಇರುತ್ತದೆ, ಸಂಜೆ ಮೊರ ಕೆಳಗಿಡುವಾಗಲೂ ಇರುತ್ತದೆ. ಇದ್ದರೂ ನೀನು ನನ್ನ ತಮ್ಮ, ನಿನಗೆ ನನ್ನ ಮನೆಯಲ್ಲಿ ರೊಟ್ಟಿ ಇದ್ದೇ ಇರುತ್ತದೆ. ಆದರೆ ಕ್ಷಮಿಸಬೇಕಾದವಳು ನಾನಲ್ಲ, ಕಸ್ತೂರೆವ್ವ. ಅವಳು ಮಣ್ಣಾದಳು. ಉಳಿದವಳು ಅಕ್ಕಾತಾಯಿ. ಕಟಕಟೆಯಲ್ಲಿ ನಿಂತು ಹೇಳಬೇಕಾದದ್ದನ್ನು ಹೇಳು. ಹೊರಗೆ ಬಂದ ಮೇಲೆ ಅವಳೆದುರು ನಿಂತು ಆ ಮಾತು ಕೇಳು. ಅವಳು ಏನೆನ್ನುತ್ತಾಳೋ ನಾನು ಹೇಳಲಾರೆ. ಅವಳ ಪರವಾಗಿ ನಾನು ಉತ್ತರ ಕೊಟ್ಟರೆ, ನನ್ನನ್ನು ಕೇಳದೆ ನನ್ನ ಮನೆಯನ್ನು ನೀನು ನಿನ್ನ ಹೆಸರಿನಲ್ಲಿ ಬರೆದುಕೊಂಡ ಹಾಗೇ ಆಗುತ್ತದೆ.

ಮಂಗಲಾನನ್ನೂ ಮಗುವನ್ನೂ ಕರೆದುಕೊಂಡು ಬಾ. ಬೆಳಗಿನ ಮೊದಲ ಬಸ್ಸಿಗೆ ಹೊರಡು, ತಡ ಮಾಡಬೇಡ.

ನಿನ್ನ ಅಕ್ಕ
ಸುಂದರಾ